ಮಾರುವ ಮನೆಗೆ ಬಣ್ಣ ಬಳಿಯುವ ಮೊದಲು

(ಜುಮಾ ಖುತ್ಬಾದ ಸಾರಾಂಶ)

ಅಲ್ಲಾಹನಿಗೆ ಸ್ತುತಿ, ಪ್ರವಾದಿವರ್ಯರ(ಸ) ಮೇಲೆ ಸಲಾತ್ ಮತ್ತು ಸಲಾಮ್‌ಗಳ ಬಳಿಕ.

ಸತ್ಯವಿಶ್ವಾಸಿ ಸಹೋದರರೇ, ನನಗೂ ನಿಮಗೂ ಮೊದಲ ಉಪದೇಶ ತಖ್ವಾದ್ದು. ತಖ್ವಾ ಎಂದರೆ ಮಸೀದಿಯ ಸಫ್ಫ್‌ನಲ್ಲಿ ನಿಂತಾಗ ಮಾತ್ರ ಇರುವ ಭಯವಲ್ಲ. ಅಂಗಡಿಯ ತಕ್ಕಡಿಯ ಮುಂದೆಯೂ ನೋಂದಣಿ ಕಚೇರಿಯ ಬೆಂಚಿನ ಮೇಲೆಯೂ ಅದು ನಮ್ಮ ಜೊತೆಗಿರಬೇಕು. ಇಂದು ನಾನು ಮಾತನಾಡಲಿರುವುದು ಮನೆ ಮಾರುವ ವಿಷಯ. ಇದೇನು, ಮಿಂಬರಿನ ಮೇಲೆ ಮನೆ ಮಾರಾಟದ ಮಾತೇ ಎಂದು ಯಾರೂ ಅಚ್ಚರಿಪಡಬೇಡಿ. ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಮಾಡುವ ಅತಿ ದೊಡ್ಡ ವ್ಯಾಪಾರ ಅದೊಂದೇ. ಐದು ರೂಪಾಯಿಯ ತರಕಾರಿಯಲ್ಲಿ ಮೋಸ ಮಾಡದವನು ಐವತ್ತು ಲಕ್ಷದ ಮನೆಯಲ್ಲಿ ಎಡವುವುದುಂಟು.

ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಕರಾವಳಿಯಲ್ಲಿ ಜಾಗ, ಮನೆಯ ಮಾತುಕತೆ ಹೆಚ್ಚುತ್ತದೆ. ಗಲ್ಫ್‌ನಿಂದ ರಜೆಯಲ್ಲಿ ಬಂದವರು ಮನೆ ಹುಡುಕುತ್ತಾರೆ. ಮಳೆ ನಿಂತಿರುತ್ತದೆ, ಗೋಡೆ ಒಣಗಿರುತ್ತದೆ, ಬಾವಿಯಲ್ಲಿ ನೀರು ಇರುತ್ತದೆ. ಎರಡು ವರ್ಷದ ಹಿಂದೆ ಇಂಥದೇ ದಿನಗಳಲ್ಲಿ ಇಶಾ ನಮಾಝ್ ಮುಗಿದ ಮೇಲೆ ಒಬ್ಬರು ಹಿಂದೆ ಉಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

"ಉಸ್ತಾದರೇ, ಮನೆ ಮಾರಾಟಕ್ಕೆ ಇಟ್ಟಿದ್ದೇನೆ. ಬೇಗ ಆಗಲೆಂದು ದುಆ ಮಾಡಬೇಕು" ಎಂದರು. ಮಗಳ ಮದುವೆಯ ಸಾಲ ತಲೆಯ ಮೇಲಿತ್ತು. ಮನೆಯನ್ನು ಹೇಗೆ ಸಿದ್ಧ ಮಾಡಿದ್ದೀರಿ ಎಂದು ಸುಮ್ಮನೆ ಕೇಳಿದೆ. "ಪೂರ್ತಿ ಬಣ್ಣ ಬಳಿಸಿದೆ. ಬ್ರೋಕರ್ ಹೇಳಿದ ಹಾಗೆ ಪಶ್ಚಿಮದ ಗೋಡೆಗೆ ಎರಡು ಕೋಟ್ ಹೆಚ್ಚು ಹಾಕಿಸಿದೆ."

"ಪಶ್ಚಿಮದ ಗೋಡೆಗೆ ಮಾತ್ರ ಯಾಕೆ ಹೆಚ್ಚು?"

ಸ್ವಲ್ಪ ಹೊತ್ತು ಅವರು ಸುಮ್ಮನಿದ್ದರು. ಮತ್ತೆ ಹೇಳಿದರು: "ಮಳೆಗಾಲದಲ್ಲಿ ಆ ಗೋಡೆಯಿಂದ ನೀರು ಒಸರುತ್ತದೆ. ಜುಲೈಯಲ್ಲಿ ಆ ಕೋಣೆಯಲ್ಲಿ ಮಲಗಲು ಆಗುವುದಿಲ್ಲ. ಬಾವಿಯೂ ಎಪ್ರಿಲ್ ಕೊನೆಗೆ ಬತ್ತುತ್ತದೆ, ಟ್ಯಾಂಕರ್ ತರಿಸಬೇಕು. ಈಗ ತೋರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬ್ರೋಕರ್ ಹೇಳಿದ."

ನಾನು ಕೇಳಿದೆ: "ಹಾಗಾದರೆ ನಾನು ಯಾವುದಕ್ಕೆ ದುಆ ಮಾಡಲಿ? ಮನೆ ಮಾರಾಟವಾಗಲಿ ಎಂದೇ, ಇಲ್ಲ ಕೊಳ್ಳುವವನ ಕಣ್ಣಿಗೆ ಆ ಗೋಡೆ ಕಾಣದಿರಲಿ ಎಂದೇ?"

ಸಹೋದರರೇ, ಆ ಪ್ರಶ್ನೆ ಅವರಿಗೆ ಮಾತ್ರ ಕೇಳಿದ್ದಲ್ಲ. ಮನೆ, ವಾಹನ, ಅಂಗಡಿ, ಏನನ್ನು ಮಾರುವಾಗಲೂ ನಮಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಒಳಗೆ ಕೈ ಹಾಕಿದ ಪ್ರವಾದಿ(ಸ)

ಅಬೂ ಹುರೈರಾ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ನಿಮಗೆಲ್ಲ ಗೊತ್ತಿದೆ. ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ಒಂದು ರಾಶಿಯ ಬಳಿ ಬಂದರು. ಮೇಲಿನಿಂದ ನೋಡಲು ಚೆನ್ನಾಗಿತ್ತು. ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನೆಂದು ಕೇಳಿದಾಗ ಮಳೆಗೆ ನೆನೆಯಿತು ಎಂದು ಮಾರುವವನು ಹೇಳಿದ. ಜನರಿಗೆ ಕಾಣುವಂತೆ ಒದ್ದೆಯಾದದ್ದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ) ಕೇಳಿದರು. ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಧಾನ್ಯ ನೆನೆದದ್ದು ಮಳೆಯಿಂದ. ಅದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ. ಒದ್ದೆ ಧಾನ್ಯ ಮಾರಬೇಡ ಎಂದೂ ಪ್ರವಾದಿ(ಸ) ಹೇಳಲಿಲ್ಲ. ಅಡಗಿಸಿದ್ದಕ್ಕೇ ಗದರಿಸಿದರು. ನಮ್ಮ ಮನೆಯ ಗೋಡೆ ಒಸರುವುದೂ ನಮ್ಮ ತಪ್ಪಲ್ಲದಿರಬಹುದು. ಕರಾವಳಿಯ ಮಳೆ ಎಂಥ ಗೋಡೆಯನ್ನೂ ಬಿಡುವುದಿಲ್ಲ. ಒಸರುವ ಗೋಡೆಯ ಮನೆಯನ್ನು ಮಾರುವುದು ಹರಾಮ್ ಅಲ್ಲ. ಒಸರುವುದಿಲ್ಲ ಎಂಬಂತೆ ತೋರಿಸಿ ಮಾರುವುದು ಹರಾಮ್.

ಇನ್ನೊಂದು ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆಡು, ಒಂಟೆಗಳನ್ನು ಮಾರುವ ಮೊದಲು ಒಂದೆರಡು ದಿನ ಹಾಲು ಕರೆಯದೆ ಕೆಚ್ಚಲು ತುಂಬಿದಂತೆ ತೋರಿಸುವುದನ್ನು ಪ್ರವಾದಿ(ಸ) ತಡೆದರು. ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕನ್ನೂ ಕೊಟ್ಟರು. ಈಗ ಯೋಚಿಸಿ. ಹಿಂದಿನ ರಾತ್ರಿ ಟ್ಯಾಂಕರಿನಿಂದ ನೀರಿನ ಟಾಂಕಿ ತುಂಬಿಸಿಟ್ಟು, ಬೆಳಿಗ್ಗೆ ಮನೆ ನೋಡಲು ಬಂದವನ ಮುಂದೆ ನಲ್ಲಿ ತಿರುಗಿಸಿ ತೋರಿಸುವುದಕ್ಕೂ ಕಟ್ಟಿದ ಕೆಚ್ಚಲಿಗೂ ಏನು ವ್ಯತ್ಯಾಸ?

ಹಾಗೆಂದು ಮನೆಯನ್ನು ಶುಚಿಗೊಳಿಸಬಾರದು ಎಂದಲ್ಲ. ಗುಡಿಸಿ, ತೊಳೆಯಿರಿ. ಮುರಿದ ಹೆಂಚು ಬದಲಿಸಿ. ಅಂಗಳದ ಕಸ ತೆಗೆಯಿರಿ. ಬಣ್ಣವನ್ನೂ ಬಳಿಯಿರಿ. ಶುಚಿತ್ವ ನಮ್ಮ ದೀನಿನ ಭಾಗ. ಸ್ವಚ್ಛವಾದ ಮನೆಗೆ ಒಳ್ಳೆಯ ಬೆಲೆ ಬಂದರೆ ಅದು ಹಲಾಲ್. ಬಣ್ಣ ಗೋಡೆಯ ಅಂದಕ್ಕೆ ಇದ್ದರೆ ಅಡ್ಡಿಯಿಲ್ಲ, ಗೋಡೆಯ ದೋಷ ಮುಚ್ಚುವುದಕ್ಕೆ ಇದ್ದರೆ ಅದು ಧಾನ್ಯದ ರಾಶಿಯ ಮೇಲಿನ ಒಣ ಪದರ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ನಿಮ್ಮ ಮನಸ್ಸಿಗೆ ಗೊತ್ತಿರುತ್ತದೆ, ಬ್ರೋಕರಿಗೆ ಗೊತ್ತಿಲ್ಲದಿದ್ದರೂ.

"ಕೇಳಿದರೆ ಹೇಳುತ್ತೇನೆ, ಅವನು ಕೇಳಲಿಲ್ಲ" ಎಂದು ಕೆಲವರು ಹೇಳುತ್ತಾರೆ. ದೋಷವಿರುವ ವಸ್ತುವನ್ನು ಅದರ ದೋಷ ತಿಳಿಸದೆ ಸಹೋದರನಿಗೆ ಮಾರುವುದು ಸಮ್ಮತವಲ್ಲ ಎಂದು ಉಖ್ಬಾ ಬಿನ್ ಆಮಿರ್(ರ) ವರದಿ ಮಾಡಿದ್ದಾರೆ. ಅಲ್ಲಿ ಕೇಳಿದರೆ ಹೇಳು ಎಂಬ ಷರತ್ತು ಇಲ್ಲ. ನಮ್ಮ ದೇಶದ ಕಾನೂನೂ ಹಾಗೆಯೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದ, ಆದರೆ ಮಾರುವವನಿಗೆ ತಿಳಿದಿರುವ ಮುಖ್ಯ ದೋಷಗಳನ್ನು ಅವನೇ ತಿಳಿಸಬೇಕು ಎನ್ನುತ್ತದೆ. ಗೋಡೆಯ ದೋಷ ಮಾತ್ರವಲ್ಲ, ಹಕ್ಕುಪತ್ರದ ದೋಷವೂ ಅದರಲ್ಲಿ ಸೇರಿದೆ.

ಕೊಳ್ಳುವವನು ಬೇರೆ ಧರ್ಮದವನಾದರೆ? ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಅಳತೆ, ತೂಕದಲ್ಲಿ ವಂಚಿಸುವವರಿಗೆ ಸೂರಾ ಮುತಫ್ಫಿಫೀನ್‌ನಲ್ಲಿ ಅಲ್ಲಾಹನು ವಿನಾಶದ ಎಚ್ಚರಿಕೆ ಕೊಟ್ಟಾಗ ಜನರಿಂದ, ಜನರಿಗೆ ಎಂದೇ ಹೇಳಿದ್ದಾನೆ. ನಮ್ಮವರಿಂದ, ನಮ್ಮವರಿಗೆ ಎಂದು ಹೇಳಿಲ್ಲ.

ಮನೆ ಯಾರದು ಎಂಬ ಪ್ರಶ್ನೆ

ಸಹೋದರರೇ, ಗೋಡೆಯ ದೋಷ ಚಿಕ್ಕದು. ಅದಕ್ಕಿಂತ ದೊಡ್ಡ ದೋಷ ಅನೇಕ ಮನೆಗಳ ಅಡಿಪಾಯದಲ್ಲಿದೆ. ತಂದೆ ತೀರಿಕೊಂಡು ಹತ್ತು, ಇಪ್ಪತ್ತು ವರ್ಷ ಆಗಿರುತ್ತದೆ. ಮನೆ ಈಗಲೂ ಅವರ ಹೆಸರಿನಲ್ಲಿರುತ್ತದೆ, ಅಥವಾ ಸದ್ದಿಲ್ಲದೆ ಒಬ್ಬ ಮಗನ ಹೆಸರಿಗೆ ಆಗಿರುತ್ತದೆ. ಮಾರುವ ಹೊತ್ತಿಗೆ ಸಹೋದರಿಯರಿಗೆ ಫೋನ್ ಹೋಗುತ್ತದೆ: "ನಾಳೆ ಬಾ, ಒಂದು ಸಹಿ ಹಾಕಲಿಕ್ಕಿದೆ."

ಇದನ್ನು ಬೇರೆಯವರ ಮೇಲೆ ಬೆರಳು ತೋರಿಸಿ ಹೇಳುತ್ತಿಲ್ಲ. ನಾನೇ ಮಾಡಿದ್ದೇನೆ. ನಮ್ಮ ತಂದೆಯ ಹಳೆಯ ಹೆಂಚಿನ ಮನೆ ಮಾರುವಾಗ ಹಕ್ಕು ಬಿಡುಗಡೆ ಪತ್ರ ಹಿಡಿದು ಅಕ್ಕನ ಮನೆಗೆ ಹೋಗಿದ್ದೆ. ಅವರು ಚಹಾ ಕೊಟ್ಟರು. ಕಾಗದದ ಕೆಳಗೆ ಬೆರಳಿಟ್ಟು, ಇಲ್ಲಿ ಸಹಿ ಹಾಕಿ ಎಂದೆ. ಅಕ್ಕ ಪೆನ್ನು ಹಿಡಿದು ಕೇಳಿದರು: "ಇದರಲ್ಲಿ ಏನು ಬರೆದಿದೆ ತಮ್ಮಾ?" ಮದ್ರಸದಲ್ಲಿ ಫರಾಯಿಝ್ ಕಲಿತವನು ನಾನು. ಮಕ್ಕಳಿಗೆ ಅದನ್ನೇ ಕಲಿಸಿದವನು. ನಿಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದೀರಿ ಎಂದು ಬರೆದಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕಾಗದ ಮಡಚಿ ಹಿಂದೆ ಬಂದೆ. ಆಮೇಲೆ ಪಾಲು ಲೆಕ್ಕ ಮಾಡಿ ಕೊಟ್ಟೆವು. ಆದರೆ ಅಕ್ಕ ಕೇಳದೇ ಇದ್ದಿದ್ದರೆ? ಆ ಪ್ರಶ್ನೆ ಈಗಲೂ ನನ್ನ ಎದೆಯಲ್ಲಿದೆ.

ಪಾಲನ್ನು ನಿಗದಿ ಮಾಡಿದವನು ಅಲ್ಲಾಹನು. ಸೂರಾ ನಿಸಾದಲ್ಲಿ, ಬಿಟ್ಟುಹೋದ ಸೊತ್ತು ಕಡಿಮೆಯಿರಲಿ, ಹೆಚ್ಚಿರಲಿ, ಗಂಡಸರಿಗಿರುವಂತೆ ಹೆಂಗಸರಿಗೂ ಅದರಲ್ಲಿ ಪಾಲಿದೆ ಎಂದು ಅವನು ವಿಧಿಸಿದ್ದಾನೆ. ಒಂದು ಉದಾಹರಣೆ ನೋಡಿ. ತೀರಿಹೋದ ವ್ಯಕ್ತಿಗೆ ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಅವರ ತಂದೆ ತಾಯಿ ಮೊದಲೇ ತೀರಿಕೊಂಡಿದ್ದಾರೆ ಎಂದು ಇಟ್ಟುಕೊಳ್ಳಿ. ಸಾಲ, ಬಾಕಿಯಿದ್ದ ಮಹರ್, ವಸಿಯ್ಯತ್ತು ಎಲ್ಲ ತೀರಿಸಿದ ಮೇಲೆ ಮನೆಯಿಂದ 48 ಲಕ್ಷ ರೂಪಾಯಿ ಉಳಿಯಿತು. ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 6 ಲಕ್ಷ. ಉಳಿದ 42 ಲಕ್ಷವನ್ನು ಆರು ಪಾಲು ಮಾಡಿದರೆ ಒಂದು ಪಾಲು 7 ಲಕ್ಷ. ಗಂಡುಮಕ್ಕಳಿಗೆ ತಲಾ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಇಷ್ಟು ಸರಳವಾದ ಲೆಕ್ಕವನ್ನು ನಾವು ಎಷ್ಟು ಕಷ್ಟ ಮಾಡಿಕೊಂಡಿದ್ದೇವೆ!

"ಅವಳ ಮದುವೆಗೆ ಚಿನ್ನ ಕೊಟ್ಟಾಗಿದೆ" ಎನ್ನುತ್ತೇವೆ. ಮದುವೆಗೆ ಕೊಟ್ಟದ್ದು ತಂದೆ ಬದುಕಿದ್ದಾಗ ಪ್ರೀತಿಯಿಂದ ಕೊಟ್ಟ ಕೊಡುಗೆ. ವಾರಸು ಹಕ್ಕು ಹುಟ್ಟುವುದು ತಂದೆಯ ಮರಣದ ನಂತರ. ಮೊದಲಿನದ್ದು ನಂತರದ್ದನ್ನು ಅಳಿಸುವುದಿಲ್ಲ. "ಅವಳೇ ಬೇಡ ಎಂದಳು" ಎನ್ನುತ್ತೇವೆ. ತವರಿನ ಬಾಗಿಲು ಮುಚ್ಚಿಹೋದೀತು ಎಂಬ ಹೆದರಿಕೆಯಿಂದ ಹೇಳಿದ ಬೇಡ, ಬೇಡ ಅಲ್ಲ. ಅವಳು ಮನಸಾರೆ ಬಿಟ್ಟುಕೊಡುತ್ತಿದ್ದಾಳೋ ಎಂದು ತಿಳಿಯಲು ನಾನು ಹೇಳುವ ದಾರಿ ಒಂದೇ: ಪಾಲು ಎಷ್ಟೆಂದು ಮೊದಲು ತಿಳಿಸಿ, ಹಣವನ್ನು ಅವಳ ಖಾತೆಗೆ ಹಾಕಿ. ಆಮೇಲೆ ಒಂದು ತಿಂಗಳು ಕಳೆದು ಅವಳಾಗಿಯೇ ಹಿಂದೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ.

ಗಲ್ಫ್‌ನಲ್ಲಿ ದುಡಿದ ಮಗನೊಬ್ಬ ತನ್ನ ಹಣದಿಂದ ಮೇಲಂತಸ್ತು ಕಟ್ಟಿಸಿರುತ್ತಾನೆ. ಅದು ತಂದೆಗೆ ಕೊಟ್ಟ ಕೊಡುಗೆಯೋ, ಸಾಲವೋ, ಅವನ ಸ್ವಂತದ್ದೋ ಎಂದು ಯಾರೂ ಬರೆದಿಡುವುದಿಲ್ಲ. ತಂದೆ ಹೋದ ಮೇಲೆ ಅದೇ ಜಗಳದ ಬೀಜ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಡಿ ಎಂದು ಸೂರಾ ಬಖರಾದ ಅತಿ ದೀರ್ಘ ಆಯತ್ ನಮಗೆ ಕಲಿಸುತ್ತದೆ. ತಂದೆಯಂದಿರೇ, ನೀವು ಬದುಕಿರುವಾಗಲೇ ಇದನ್ನು ಬರೆಸಿಡಿ.

ವಾರಸುದಾರರಲ್ಲಿ ಯತೀಮ್ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ಅಪ್ರಾಪ್ತ ಮಗುವಿನ ಪಾಲನ್ನು ಚಿಕ್ಕಪ್ಪನಾಗಲಿ, ಅಣ್ಣನಾಗಲಿ, ತಾಯಿಯೇ ಆಗಲಿ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ. ಯತೀಮರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಾರೆ ಎಂದು ಕುರ್‌ಆನ್ ಎಚ್ಚರಿಸಿದೆ.

ಕೊನೆಯದಾಗಿ ಒಂದು ಪ್ರಶ್ನೆ. ಮನೆ ಮಾರಿದ ಮೇಲೆ ಉಮ್ಮ ಎಲ್ಲಿರುತ್ತಾರೆ? ಮಕ್ಕಳು ಪಾಲು ಹಂಚಿಕೊಂಡು ತಮ್ಮ ತಮ್ಮ ಫ್ಲ್ಯಾಟಿಗೆ ಹೋಗುತ್ತಾರೆ. ನಲವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಬೆಂದ ತಾಯಿ ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ಬ್ಯಾಗು ಹಿಡಿದು ತಿರುಗುತ್ತಾರೆ. ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ತಾಯಿಯನ್ನು ಕೂರಿಸಿ ಕೇಳಿ. ಅವರೂ ಆ ಮನೆಯ ಪಾಲುದಾರರು. ಅವರ ಸಹಿಗಿಂತ ಮೊದಲು ಅವರ ಮಾತು ಬೇಕು.

ನೆರೆಯವರ ಹಕ್ಕು

ಪಾಲುದಾರನಿರುವ ಮನೆ ಅಥವಾ ತೋಟವನ್ನು ಅವನಿಗೆ ತಿಳಿಸದೆ ಮಾರಬಾರದು ಎಂದು ಜಾಬಿರ್(ರ) ವರದಿ ಮಾಡಿದ ಹದೀಸ್‌ನಲ್ಲಿದೆ. ಇದಕ್ಕೆ ಶುಫ್ಅ ಎನ್ನುತ್ತಾರೆ. ನೆರೆಯವನಿಗೆ ಈ ಹಕ್ಕು ಎಷ್ಟು ಎಂಬುದರಲ್ಲಿ ಮದ್‌ಹಬ್‌ಗಳ ಇಮಾಮರುಗಳ ನಡುವೆ ಅಭಿಪ್ರಾಯ ಭೇದವಿದೆ. ಆದರೆ ಸಹಾಬಿಗಳು ಹೇಗೆ ನಡೆದುಕೊಂಡರು ನೋಡಿ. ಸಅದ್ ಬಿನ್ ಅಬೀ ವಖ್ಖಾಸ್(ರ) ಅವರ ವಠಾರದಲ್ಲಿ ಅಬೂ ರಾಫಿಅ್(ರ) ಅವರಿಗೆ ಎರಡು ಮನೆಗಳಿದ್ದವು. ಕೊಳ್ಳುವಂತೆ ಸಅದ್‌ರನ್ನು ಕೇಳಿದರು. ನಾಲ್ಕು ಸಾವಿರಕ್ಕಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು ಸಅದ್. ಬೇರೆಯವರು ಐನೂರು ದೀನಾರ್ ಕೊಡಲು ಮುಂದೆ ಬಂದಿದ್ದರು, ಅದು ಹೆಚ್ಚಿನ ಬೆಲೆ. ಆದರೂ ಅಬೂ ರಾಫಿಅ್ ಸಅದ್‌ರಿಗೇ ಕೊಟ್ಟರು. ಹತ್ತಿರವಿರುವ ಕಾರಣಕ್ಕೆ ನೆರೆಯವನಿಗೆ ಹೆಚ್ಚು ಹಕ್ಕಿದೆ ಎಂದು ಪ್ರವಾದಿಯವರಿಂದ(ಸ) ಕೇಳಿದ್ದೇ ಅದಕ್ಕೆ ಕಾರಣವೆಂದು ಹೇಳಿದರು. ಬುಖಾರಿಯಲ್ಲಿರುವ ಘಟನೆ ಇದು.

ಬೆಲೆ ಕಡಿಮೆ ಮಾಡಲು ಆಗದಿದ್ದರೆ ಬೇಡ. ಒಂದು ಮಾತು ತಿಳಿಸಲು ಏನು ಖರ್ಚು? ಪಕ್ಕದ ಮನೆಯ ಶೆಟ್ಟರೋ ಡಿಸೋಜರೋ ಮೂವತ್ತು ವರ್ಷ ನಿಮ್ಮ ಬಾವಿಯ ನೀರು ಕುಡಿದಿದ್ದಾರೆ, ನಿಮ್ಮ ಮಕ್ಕಳನ್ನು ಆಸ್ಪತ್ರೆಗೆ ಕೊಂಡೊಯ್ದಿದ್ದಾರೆ. ಮನೆ ಮಾರಾಟವಾದ ಸುದ್ದಿ ಅವರಿಗೆ ಲಾರಿ ಬಂದ ದಿನ ಗೊತ್ತಾಗಬಾರದು. ಆ ಬಾವಿಯ ನೀರು, ಕಾಲುದಾರಿ, ಮಳೆನೀರು ಹರಿಯುವ ತೋಡು ಇವುಗಳ ಬಗ್ಗೆ ಬಾಯಿಮಾತಿನ ಒಪ್ಪಂದ ಇದ್ದರೆ ಹೊಸಬರಿಗೆ ತಿಳಿಸಿ, ಬರೆಸಿಡಿ.

ಕಾಗದ, ಅಡ್ವಾನ್ಸ್, ಆಣೆ

ಮನೆಯನ್ನು ಮಾರಾಟಕ್ಕೆ ಸಿದ್ಧಗೊಳಿಸುವುದೆಂದರೆ ಕಾಗದಪತ್ರ ಸಿದ್ಧಗೊಳಿಸುವುದೂ ಹೌದು. ಋಣಭಾರ ಪತ್ರ ತೆಗೆಸಿ. ತಂದೆಯ ಹೆಸರಿನಲ್ಲಿದ್ದರೆ ವಂಶವೃಕ್ಷ ಮಾಡಿಸಿ, ಖಾತೆ ವಾರಸುದಾರರೆಲ್ಲರ ಹೆಸರಿಗೆ ಆಗಲಿ. ತೆರಿಗೆ ಬಾಕಿ ಕಟ್ಟಿ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಪತ್ರ ಅಡವಿದ್ದರೆ ಮೊದಲ ದಿನವೇ ಹೇಳಿ. ಒಬ್ಬರಿಂದ ಅಡ್ವಾನ್ಸ್ ಪಡೆದು, ನಾಳೆ ಇನ್ನೊಬ್ಬರು ಎರಡು ಲಕ್ಷ ಹೆಚ್ಚು ಹೇಳಿದರೆಂದು ಮಾತು ತಿರುಗಿಸಬೇಡಿ. ಒಬ್ಬನ ವ್ಯಾಪಾರದ ಮೇಲೆ ಇನ್ನೊಬ್ಬ ವ್ಯಾಪಾರ ಮಾಡುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಕೊಳ್ಳುವ ಮನಸ್ಸಿಲ್ಲದ ನೆಂಟನನ್ನು ಕರೆತಂದು ಬೆಲೆ ಏರಿಸುವ ನಾಟಕವನ್ನೂ ತಡೆದಿದ್ದಾರೆ. ಅದಕ್ಕೆ ನಜಶ್ ಎನ್ನುತ್ತಾರೆ.

ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಎಂಬುದು ಊರ ರೂಢಿ ಎಂದು ಹೇಳುತ್ತಾರೆ. ರೂಢಿಯಾದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಸುಳ್ಳು ಪತ್ರಕ್ಕೆ ಸಾಕ್ಷಿ ಹಾಕುವವನೂ ಸುಳ್ಳುಸಾಕ್ಷಿಯೇ.

"ವಲ್ಲಾಹಿ, ಇದಕ್ಕಿಂತ ಹೆಚ್ಚು ಬೆಲೆಗೆ ಕೇಳಿದ್ದಾರೆ" ಎಂದು ಆಣೆ ಹಾಕಬೇಡಿ. ಆಣೆ ಸರಕನ್ನು ಖರ್ಚು ಮಾಡಿಸಬಹುದು, ಆದರೆ ಬರಕತ್ತನ್ನು ಅಳಿಸುತ್ತದೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಕೊಳ್ಳುವವನು, ಮಾರುವವನು ಇಬ್ಬರೂ ಸತ್ಯ ಹೇಳಿ ಎಲ್ಲವನ್ನೂ ಸ್ಪಷ್ಟಪಡಿಸಿದರೆ ಅವರ ವ್ಯಾಪಾರದಲ್ಲಿ ಬರಕತ್ತಿದೆ, ಮುಚ್ಚಿಟ್ಟು ಸುಳ್ಳು ಹೇಳಿದರೆ ಬರಕತ್ತು ಅಳಿಯುತ್ತದೆ ಎಂಬುದು ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸ್‌ನ ಸಾರ.

ಬ್ರೋಕರ್ ಕೆಲಸ ಮಾಡುವ ಸಹೋದರರಿಗೆ ಒಂದು ಮಾತು. ವಾಸಿಲಾ(ರ) ಎಂಬ ಸಹಾಬಿ, ಒಂಟೆ ಕೊಂಡು ಹೋಗುತ್ತಿದ್ದವನನ್ನು ನಿಲ್ಲಿಸಿ ಯಾವುದಕ್ಕೆ ಕೊಂಡೆ ಎಂದು ಕೇಳಿದರು. ಹಜ್ಜ್ ಯಾತ್ರೆಗೆ ಎಂದ. ಅದರ ಪಾದದಲ್ಲಿ ತೂತಿದೆ, ದೂರ ನಡೆಯದು ಎಂದರು. ವ್ಯಾಪಾರ ಕೆಡಿಸಿದಿರಿ ಎಂದು ಮಾರಿದವನು ಮುನಿದ. ದೋಷ ತಿಳಿದವನು ಅದನ್ನು ಮುಚ್ಚಿಡುವುದು ಸಮ್ಮತವಲ್ಲ ಎಂದು ಪ್ರವಾದಿಯವರಿಂದ(ಸ) ಕೇಳಿದ್ದೇನೆ ಎಂದು ಅವರು ಉತ್ತರಿಸಿದರು. ದಲ್ಲಾಳಿತನ ಹಲಾಲ್ ದುಡಿಮೆ. ಅದನ್ನು ಹಲಾಲ್ ಆಗಿಯೇ ಉಳಿಸಿಕೊಳ್ಳಿ.

ಕೊಳ್ಳುವವರಿಗೂ ಒಂದು ಮಾತು. ಮಾರುವವನು ಸಾಲದಲ್ಲಿದ್ದಾನೆ ಎಂದು ತಿಳಿದು ಕತ್ತು ಹಿಸುಕಬೇಡಿ. ಅವನು ಸತ್ಯ ಹೇಳಿದ್ದಕ್ಕೆ ಶಿಕ್ಷೆ ಕೊಡಬೇಡಿ. ದೋಷ ಸರಿಪಡಿಸಲು ತಗಲುವಷ್ಟು ಬೆಲೆ ಇಳಿಸಿ ಕೇಳುವುದು ನ್ಯಾಯ. ಹೇಳಿದ ದಿನಕ್ಕೆ ಬಾಕಿ ಹಣ ಕೊಡಿ. ಸತ್ಯ ಹೇಳಿದವನು ನಷ್ಟಪಟ್ಟರೆ ನಾಳೆ ಊರಿನಲ್ಲಿ ಸತ್ಯ ಹೇಳುವವರೇ ಇರುವುದಿಲ್ಲ.

ಎರಡನೇ ಖುತ್ಬಾ

ಸಹೋದರರೇ, ಮೊದಲು ಹೇಳಿದ ಆ ವ್ಯಕ್ತಿಯ ವಿಷಯ ಪೂರ್ತಿ ಮಾಡುತ್ತೇನೆ. ಅವರು ಮುಂದೆ ಬಂದವರಿಗೆ ಪಶ್ಚಿಮದ ಗೋಡೆ ತೋರಿಸಿದರು, ಬಾವಿಯ ವಿಷಯ ಹೇಳಿದರು. ಇಬ್ಬರು ಬಿಟ್ಟು ಹೋದರು. ಬ್ರೋಕರ್ ಫೋನ್ ತೆಗೆಯುವುದನ್ನೇ ಬಿಟ್ಟ. ಏಳು ತಿಂಗಳು ಕಳೆದು, ಸರಿಯಾಗಿ ಮಳೆಗಾಲದಲ್ಲಿ, ಒಸರುವ ಗೋಡೆಯನ್ನು ಕಣ್ಣಾರೆ ನೋಡಿಯೇ ಒಬ್ಬರು ಕೊಂಡರು. ಅಂದುಕೊಂಡದ್ದಕ್ಕಿಂತ ಮೂರು ಲಕ್ಷ ಕಡಿಮೆ ಬಂತು. ಸಾಲ ಪೂರ್ತಿ ತೀರಲಿಲ್ಲ, ಉಳಿದದ್ದನ್ನು ಈಗಲೂ ಕಟ್ಟುತ್ತಿದ್ದಾರೆ. ಸತ್ಯ ಹೇಳಿದ ಕೂಡಲೇ ಆಕಾಶದಿಂದ ಹಣ ಸುರಿಯುತ್ತದೆ ಎಂದು ನಾನು ಹೇಳುವುದಿಲ್ಲ.

ಕಳೆದ ಜುಲೈಯಲ್ಲಿ ಜೋರು ಮಳೆಯ ಒಂದು ಸುಬಹಿಗೆ ವುಝೂ ಮಾಡುತ್ತಾ ಅವರು ನನಗೆ ಹೇಳಿದರು: "ಉಸ್ತಾದರೇ, ಮಳೆ ಬರುವಾಗ ಆ ಮನೆಯವರು ನನ್ನನ್ನು ಶಪಿಸುತ್ತಿರಬಹುದು ಎಂಬ ಭಯವಿಲ್ಲ. ನಿದ್ದೆ ಬರುತ್ತದೆ."

ಬರಕತ್ತು ಎಂದರೆ ಏನೆಂದು ಪುಸ್ತಕಗಳಲ್ಲಿ ಓದಿದ್ದೆ. ಅಂದು ಅದನ್ನು ಒಬ್ಬ ಸಾಮಾನ್ಯ ಮನುಷ್ಯನ ಬಾಯಿಂದ ಕೇಳಿದೆ. ನಮ್ಮ ಗೋಡೆಗಳನ್ನು ಬಣ್ಣ ಬಳಿದು ಜನರಿಂದ ಮರೆಮಾಡಬಹುದು. ಒಂದು ದಿನ ಯಾವ ಬಣ್ಣವೂ ನಿಲ್ಲದ ಸನ್ನಿಧಿಯಲ್ಲಿ ನಾವು ನಿಲ್ಲಲಿದ್ದೇವೆ.

ಅಲ್ಲಾಹನೇ, ನಮ್ಮ ಮನೆಗಳಲ್ಲಿ ಬರಕತ್ತು ಕೊಡು. ನಮ್ಮ ವ್ಯಾಪಾರಗಳನ್ನು ವಂಚನೆಯಿಂದ ಕಾಪಾಡು. ಸಹೋದರಿಯರ, ಯತೀಮರ, ತಾಯಂದಿರ ಹಕ್ಕು ನಮ್ಮ ಕೈಯಲ್ಲಿ ಉಳಿದಿದ್ದರೆ ಮರಣಕ್ಕೆ ಮೊದಲು ಮರಳಿಸುವ ಮನಸ್ಸು ಕೊಡು. ಸಾಲದಲ್ಲಿರುವವರ ಸಾಲ ತೀರಿಸು. ಮನೆಯಿಲ್ಲದವರಿಗೆ ಮನೆ ಕೊಡು. ನಮ್ಮೆಲ್ಲರ ಕೊನೆಯ ಮನೆಯನ್ನು ಸ್ವರ್ಗದಲ್ಲಿ ಮಾಡು. ಆಮೀನ್.